ಬಿಲ್ಲೆ ನಂಬರ್ ಹದಿನೇಳು

ಗಾಂಧಿ ಗಂಜ್, ಬೀದರ್. ಮುಂಜಾನಿ ಹತ್ತೂವರೆ.
ಘಾಳೆಪ್ಪ ಮುನೀಮರ ಫೋನು:
"ಬಾಯಿ, ಜಲ್ದಿ ಬಾ. ಪ್ರಿಂಟರ್ ಮುನಿಸಿಕೊಂಡದ.
ಕಾಂಟಾದ ಕಂಪ್ಯೂಟರ್ ಯಾರೋ ಗೊತ್ತೇ ಇಲ್ಲ ಅಂತದ."

ಸ್ಕೂಟಿ ನಿಲ್ಲಿಸಿ, ಉದ್ದಿನ ಚೀಲ ದಾಟಿ ಒಳಗ ಹೋದೆ.
ರಾತ್ರಿ ಕರೆಂಟ್ ಹೋಗಿ ಬಂದಿತ್ತು.
ಅಷ್ಟೇ.
ರೌಟರ್ ಎದ್ದು, ನಿದ್ದಿಗಣ್ಣಿನಾಗ
ಎಲ್ಲರಿಗೂ ಹೊಸ ನಂಬರ್ ಹಂಚಿತ್ತು,
ಪಂಕ್ತಿಯಾಗ ಎಲಿ ಹಾಕಿದಂಗ, ಮೊದಲು ಕುಂತವರಿಗೆ ಮೊದಲು.

ನಿನ್ನೆಯ ವಿಳಾಸ ಗ್ವಾಡಿ ಮ್ಯಾಲ ಇತ್ತು, ಪೆನ್ಸಿಲಿನಾಗ.
ಲಾರಿ ಡ್ರೈವರನ ನಂಬರು, ಗ್ಯಾಸಿನ ನಂಬರು,
ಯಾರದೋ ಮದುವಿ ತಾರೀಖು, ಅವುಗಳ ನಡುವ
ಒಂದುನೂರಾ ತೊಂಬತ್ತೆರಡು, ಚುಕ್ಕಿ,
ಒಂದುನೂರಾ ಅರವತ್ತೆಂಟು, ಚುಕ್ಕಿ, ಒಂದು, ಚುಕ್ಕಿ, ಹತ್ತು.
ಕೆಳಗ ಎರಡು ಗೆರಿ ಎಳೆದಿದ್ದರು, ಪಾಪ,
ಗಟ್ಟಿಯಾಗಿ ಇರಲಿ ಅಂತ.

ಕರಿ ಪರದೆ ತೆರೆದು ಐಪಿಕಾನ್ಫಿಗ್ ಹೊಡೆದೆ.
ಕೀಲಿಗಳ ಸಂದಿನಾಗ ತೊಗರಿ ಹೊಟ್ಟು;
'ಎನ್' ಒತ್ತಿದ್ರ ಎರಡು ಬೀಳ್ತದ, ಒಂದು ಅಳಿಸಿದೆ.
ಬಿಳಿ ಅಕ್ಷರ ದಬದಬ ಸುರಿದವು.
ಬ್ಯಾಡಾದದ್ದೇ ಬಾಳ. ಕಾಳಿನಾಗ ಹಳ್ಳು ಆರಿಸಿದಂಗ
ಒಂದೊಂದೇ ಸಾಲು ಸರಿಸುತ್ತ ಹೋಗಿ
"ಸಿಕ್ತು. ಬರೀರಿ, ಮೊದಲಿಂದೆಲ್ಲ ಅದೇ. ಕೊನೆಗೆ ಹದಿನೇಳು!"

ಮುನೀಮರು ಪೆನ್ಸಿಲ್ ನಾಲಿಗಿಗೆ ತಾಗಿಸಿದರು.
"ಅಲ್ಲ ಬಾಯಿ, ವಿಳಾಸ ಅಂತೀದಿ.
ಹುಮನಾಬಾದಿನ ಬೀಗರು ಇದಕ್ಕ ಚೀಟಿ ಕಳಿಸಿದ್ರ ಮುಟ್ತದೇನು?"
ಇಲ್ರಿ. ಹೊಸ್ತಿಲ ದಾಟಿದ್ರ ಇದನ್ನ ಯಾರೂ ಕೇಳೂದಿಲ್ಲ.
ಬಾಜೂ ದುಕಾನಿನಾಗೂ ಇದೇ ಹದಿನೇಳು ಇರಬಹುದು,
ಚಿಟಗುಪ್ಪಿ ದವಾಖಾನಿಯಾಗೂ, ಭಾಲ್ಕಿ ಸಾಲಿಯಾಗೂ.
ಮನ್ಯಾಗ ನಿಮಗ ಏನಂತ ಕರೀತಾರ್ರಿ?
ಅವರು ಅತ್ಲಾಗ ನೋಡಿದರು.
"ಗುಂಡ್ಯಾ," ಅಂದರು ಸಣ್ಣ ದನಿಲೆ, ಅರವತ್ತೆರಡರ ಮನುಷ್ಯ.
"ಅಕ್ಕ ಇರೂತನಕ. ಈಗ ಯಾರೂ ಕರೆಯೂದಿಲ್ಲ."
ಹಂಗೇ ನೋಡ್ರಿ ಇದು, ಅಂದೆ.
ಮುಂದ ಏನು ಹೇಳಬೇಕೋ ತಿಳಿಯಲಿಲ್ಲ.

ಬಾಗಿಲಾಗ ನೆರಳು ಬಿತ್ತು.
"ಹದಿನೇಳು ಅಂತ ಕೂಗಿದ್ರೇನ್ರಿ?"
ಹಮಾಲ. ಹೆಗಲ ಮ್ಯಾಲ ಖಾಲಿ ಗೋಣಿ, ತೋಳಿಗೆ ಹಿತ್ತಾಳಿ ಬಿಲ್ಲೆ,
ಅಂಕಿ ಸವೆದು, ಬೆರಳಿಗಷ್ಟೇ ಓದಲಿಕ್ಕೆ ಬರೂ ಹಂಗ.
"ನಿನಗಲ್ಲೋ, ಪೆಟ್ಟಿಗಿಗೆ ಅಂದದ್ದು," ಮುನೀಮರು ನಕ್ಕರು.
ಅವನು ಹೋಗಲಿಲ್ಲ.
ಗ್ವಾಡಿ ಮ್ಯಾಲ ತನ್ನ ನಂಬರ್ ನೋಡುತ್ತ ನಿಂತ,
ಯಾರು ಬರೆದರು, ಯಾಕ, ಅನ್ನೂ ಹಂಗ.

ನಿಮ್ಮ ಹೆಸರೇನ್ರಿ? ಕೇಳಿದೆ.
ಮುನೀಮರ ಪೆನ್ಸಿಲ್ ನಿಂತಿತು. ಹನ್ನೊಂದು ವರ್ಷ.
"ಝರೆಪ್ಪ. ಆದ್ರ ಗಂಜಿನಾಗ ಹಂಗ ಕರೆದ್ರ
ನಾ ತಿರುಗಿ ನೋಡೂದಿಲ್ರಿ."

ಪ್ರಿಂಟರಿಗೆ ಹೊಸ ನಂಬರ್ ಕಲಿಸಿಕೊಟ್ಟೆ.
ಮೊದಲು ಕೂಗಿ ನೋಡಬೇಕು, ನಾಲ್ಕು ಸಲ, ಅದೇ ರಿವಾಜು:
ಇದ್ದೀಯೇನು?
ಇದ್ದೀನಿ.
ಸಣ್ಣಾಕಿ ಇದ್ದಾಗ ನೌಬಾದಿನಾಗ, ಸುರಂಗ ಬಾವಿಯ ಬಾಯಿಗೆ ಬಗ್ಗಿ
ತಮ್ಮನ್ನ ಕೂಗತಿದ್ದೆ. ದನಿ ನೆಲದ ಕೆಳಗಿನ ನೀರಿನ ದಾರಿ ಹಿಡಿದು
ಮುಂದಿನ ಬಾವಿಯಾಗ ಏಳತಿತ್ತು. ಅಲ್ಲಿಂದ ಅವನು ಓ ಅಂತಿದ್ದ.
ಮ್ಯಾಲ ಎಮ್ಮಿ ಹೊಡಕೊಂಡು ಹೋಗೂ ಮಂದಿಗೆ
ಏನೂ ಕೇಳತಿರಲಿಲ್ಲ.

ಪ್ರಿಂಟರ್ ಕೆಮ್ಮಿ ಒಂದು ಚೀಟಿ ಉಗುಳಿತು.
ಉದ್ದು, ಎರಡು ಕ್ವಿಂಟಲ್ ಹದಿನಾಲ್ಕು ಕಿಲೋ.
ಹಮಾಲಿ: ೧೭.
ಮುನೀಮರು ಅದನ್ನ ಹೊಡೆದು ಝರೆಪ್ಪ ಅಂತ ಬರೆದರು, ದುಂಡಗ.
ಅವನು ಗಾಬರಿಯಾದ:
"ಬ್ಯಾಡ್ರಿ, ಅಳಿಸ್ರಿ.
ಖಜಾಂಚಿ ಬ್ಯಾರೆ ಯಾರೋ ಅಂತ ತಿಳೀತಾನ,
ನನ್ನ ಕೂಲಿ ಅಲ್ಲೇ ಉಳೀತದ."

ಅಳಿಸಿದರು.
ನಾನು ರೌಟರ್ ಒಳಗ ಹೋಗಿ
ಈ ಪೆಟ್ಟಿಗಿಗೆ ಯಾವತ್ತೂ ಹದಿನೇಳೇ ಇರಲಿ ಅಂತ ಕಟ್ಟಿಹಾಕಿ ಬಂದೆ,
ಕರೆಂಟ್ ಹೋದರೂ, ಬಂದರೂ.

ಎರಡು ನೂರು ಹೇಳಿದೆ, ಒಂದೂವರೆ ಕೊಟ್ಟರು.
ಖರ್ಚಿನ ಬುಕ್ಕಿನಾಗ ಬರಕೊಂಡರು:
ಕಂಪ್ಯೂಟರ್ ಬಾಯಿ, ೧೫೦.
ಸೈ ಮಾಡಿದೆ.